ತಲೆಕೆಳಗಾದ ಮರ: ಏಳನೆಯ ಕಂತು

“ನೂರ ಎಪ್ಪತ್ತೊಂಬತ್ತು,” ಎಂದಳು ಇಂಪನಾ.

ಪರಮಶಿವಯ್ಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ ತೆಂಗಿನಕಾಯಿಯನ್ನು ಕೆಳಗಿಳಿಸಿದರು. “ಏನದು?”

“ಡಿಗ್ರಿ. ಬಾಲರಾಜು ಮರದ ಮೇಲಿದ್ದಾಗ ಅವನ ಸೊಂಟದ ಡಬ್ಬಿ ಹೇಗಿತ್ತು ಅನ್ನೋದು.”

“ನಿನ್ನೆ ನಾಕು, ಐದು ಅಂತಿದ್ದೆ.”

“ನಿನ್ನೆ ಕಂಪನಿಯವರು ಮಾಡಿದ್ದನ್ನ ಓದ್ತಿದ್ದೆ. ಇವತ್ತು ನಾನೇ ಮಾಡ್ದೆ.”

“ನೂರ ಎಂಬತ್ತು ಅಂದ್ರೆ ತಲೆಕೆಳಗು ಅಲ್ವೇನವ್ವ? ಆ ಹುಡುಗ ಬಾವಲಿ ತರ ನೇತಾಡ್ಕಂಡು ಕಾಯಿ ಕೀಳ್ತಿದ್ನಾ?”

ಇಂಪನಾ ನಗಲಿಲ್ಲ. ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿದಳು.

ಹೊನ್ನವಳ್ಳಿಯ ಬಾಲರಾಜು ಮರದಿಂದ ಬಿದ್ದು ಸತ್ತಿದ್ದ. ಅವನು ಜಾರಲಿಲ್ಲ, ತಾನಾಗಿ ಕೈಬಿಟ್ಟ ಎಂದು ಹೇಳುತ್ತಿದ್ದದ್ದು ಒಂದೇ ಒಂದು ಸಾಕ್ಷಿ: ಅವನ ಬೆಲ್ಟಿನ ಮುಂಭಾಗದಲ್ಲಿದ್ದ ಆ ಡಬ್ಬಿ.

ಮರ ಹತ್ತುವವರ ಮೈ ಎಷ್ಟು ವಾಲುತ್ತದೆ ಎಂದು ಅಳೆಯಲು ಒಂದು ಕಂಪನಿ ಆ ಬೆಲ್ಟುಗಳನ್ನು ಹಂಚಿತ್ತು. ಕಂಪನಿಯ ಗ್ರಾಫಿನಲ್ಲಿ ಬಾಲರಾಜುವಿನ ಕೊನೆಯ ಗೆರೆ ನಿಧಾನವಾಗಿ ಎಡಕ್ಕೆ ಬಾಗಿತ್ತು. ಜಾರುವವನು ಒಮ್ಮೆಲೇ ಹೋಗುತ್ತಾನೆ, ಇವನು ಯೋಚಿಸಿ ವಾಲಿದ್ದಾನೆ ಎಂದು ಕೆಳಗೆ ಬರೆದಿದ್ದರು. ಊರು ಅದನ್ನೇ ಇನ್ನೂ ಚಿಕ್ಕದಾಗಿ ಹೇಳಿತು. ಹಾರ್ಕಂಡ.

ಬಾಲರಾಜುವಿನ ಹೆಂಡತಿ ಸುಷ್ಮಿತಾ ಇವರಿಬ್ಬರನ್ನು ಹುಡುಕಿಕೊಂಡು ಬಂದು ಕೇಳಿದ್ದು ಒಂದೇ ಪ್ರಶ್ನೆ. ಅವರು ಬಿದ್ದರಾ, ನನ್ನನ್ನು ಬಿಟ್ಟು ಹೋದರಾ. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಪರಮಶಿವಯ್ಯನವರಿಗೆ ಅದಕ್ಕೆ ಏನು ಹೇಳಬೇಕೆಂದು ತೋಚಿರಲಿಲ್ಲ. ತಿಪಟೂರಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅವರ ತಂಗಿಯ ಮಗಳು ಇಂಪನಾ, ಡಬ್ಬಿಯಲ್ಲಿದ್ದ ಅಂಕಿಗಳನ್ನು ತರಿಸಿ ಕೊಡಿ ಎಂದಿದ್ದಳು.

ಈಗ ಅವು ಮುಂದಿದ್ದವು. ಸಾಲು ಸಾಲಾಗಿ, ಎರಡು ಕಾಲಂ.

“ಈ ಕಾಲಂ ಅಡ್ಡಕ್ಕೆ ಎಳೆಯೋ ಭಾರ. ಇದು ಉದ್ದಕ್ಕೆ ಎಳೆಯೋದು,” ಎಂದಳು. “ಒಂದನ್ನ ಇನ್ನೊಂದರಿಂದ ಭಾಗಿಸಿ, ಕಂಪ್ಯೂಟರಿನ ಪೈಥಾನ್ ಭಾಷೇಲಿ ಆರ್ಕ್‌ಟ್ಯಾನ್ ಅಂತ ಕೇಳಿದ್ರೆ ಕೋನ ಸಿಗುತ್ತೆ. ರೇಡಿಯನ್ನಲ್ಲಿ ಬರುತ್ತೆ, ಡಿಗ್ರಿ ಮಾಡ್ಕೋಬೇಕು. ಕಂಪನಿಯವರು ಅಷ್ಟೂ ಮಾಡಿದ್ದಾರೆ.”

“ತಪ್ಪೇನು?”

“ಮೈನಸ್ಸನ್ನ ಮೈನಸ್ಸಿಂದ ಭಾಗಿಸಿದ್ರೆ ಏನ್ ಬರುತ್ತೆ ಮಾವ?”

“ಪ್ಲಸ್ಸು. ಅಷ್ಟು ಓದಿವ್ನಿ.”

“ಭಾಗಿಸಿದ ಮೇಲೆ ಎರಡೂ ಮೈನಸ್ ಆಗಿತ್ತಾ, ಎರಡೂ ಪ್ಲಸ್ ಆಗಿತ್ತಾ ಅಂತ ಗೊತ್ತಾಗಲ್ಲ. ಅಳಿಸಿ ಹೋಗುತ್ತೆ.”

ಪರಮಶಿವಯ್ಯ ಕಾಯಿಯನ್ನು ಇನ್ನೊಮ್ಮೆ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಬಿಟ್ಟುಕೊಂಡಿತ್ತು, ಗುಡುಗುಡು ಎಂದಿತು. ಒಣಗಿದ್ದರ ರಾಶಿಗೆ ಹಾಕಿದರು. “ನಂಗೆ ಅರ್ಥ ಆಗೋ ಅಂಗೆ ಯೋಳು.”

ಅವಳು ಎದುರಿನ ತೋಟ ನೋಡಿದಳು.

“ಬೇಲಿ ಸಂದಿಯಿಂದ ಒಂದು ಮರದ ನಡು ಮಾತ್ರ ಕಾಣ್ತಿದೆ ಅಂದ್ಕೊಳ್ಳಿ. ಎಷ್ಟು ಓರೆ ಅಂತ ಹೇಳ್ಬೋದು. ಗರಿ ಮೇಲಿದೆಯಾ ಬೇರು ಮೇಲಿದೆಯಾ ಅಂತ ಹೇಳೋಕಾಗಲ್ಲ.”

“ಬೇರು ಮೇಲಿರ್ತದಾ ಎಲ್ಲಾನ?”

“ಇರಲ್ಲ ಅಂತ ನಂಬ್ಕೊಂಡೇ ಕಂಪನಿಯವರು ಈ ಲೆಕ್ಕದ ಸಾಲು ಬರೆದಿದ್ದು. ಇನ್ನೊಂದಿದೆ, ಆರ್ಕ್‌ಟ್ಯಾನ್ ಟೂ. ಅದು ಭಾಗಿಸೋಕೆ ಬಿಡಲ್ಲ. ಎರಡು ಕಾಲಮನ್ನೂ ಬೇರೆ ಬೇರೆ ಕೇಳುತ್ತೆ, ಎರಡರ ಚಿಹ್ನೆನೂ ನೋಡುತ್ತೆ. ಬೇಲಿ ದಾಟಿ ಒಳಗೆ ಹೋದ ಹಾಗೆ.”

“ಒಳಗೋದ್ರೆ ಬೇರು ಮೇಲೈತೆ.”

“ದಿನಾ. ಬೆಲ್ಟು ತಗೊಂಡ ದಿನದಿಂದ. ನೂರ ಎಪ್ಪತ್ತೆಂಟು, ಮೈನಸ್ ನೂರ ಎಪ್ಪತ್ತಾರು, ಎಲ್ಲ ಇದರ ಆಸುಪಾಸು. ಡಬ್ಬಿ ತಲೆಕೆಳಗಾಗೇ ಇತ್ತು.”

ಪರಮಶಿವಯ್ಯ ಎದ್ದು ಪಂಚೆ ಕೊಡವಿದರು. “ಸ್ಕೂಟರ್ ತಗೀತೀನಿ. ಕಂಪನಿಯಿಂದ ತಂದ ಆ ಇನ್ನೊಂದು ಬೆಲ್ಟು ಹಿಡ್ಕೋ.”

*

ಇವರು ಹೊನ್ನವಳ್ಳಿಯ ಬಾಲರಾಜುವಿನ ಮನೆ ತಲುಪುವಾಗ ಸುಷ್ಮಿತಾಳ ಅಣ್ಣ ಕರಿಯಪ್ಪ ಅಲ್ಲಿಂದ ಹೊರಟಿದ್ದ. ಅವನೂ ಮರ ಹತ್ತುವವನು. ಬಾಲರಾಜುವಿನ ಜೋಡಿ. ಅವನು ಬಿದ್ದ ದಿನ ಮಾತ್ರ ಮಾಯಸಂದ್ರದಲ್ಲಿ ಹೆಂಡತಿಯ ತವರಿನಲ್ಲಿದ್ದೆ ಎಂದು ಹೇಳಿದ್ದ. ಬಾಲರಾಜು ಹೋದಾಗಿನಿಂದ ದಿನವೂ ಎಳನೀರು ತಂದು ಜಗಲಿಯ ಮೇಲಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಹೋಗುತ್ತಿದ್ದ. ಈಗಲೂ ಪರಮಶಿವಯ್ಯನವರಿಗೆ ಕೈ ಎತ್ತಿ, ನೆಲ ನೋಡುತ್ತ ಸೈಕಲ್ ಹತ್ತಿದ.

ಒಳಗೆ ತುರಿಮಣೆಯ ಸದ್ದು. ಬಾಲರಾಜುವಿನ ತಾಯಿ ಸಿದ್ದಕ್ಕ ಬಾಗಿಲಿಗೆ ಬೆನ್ನು ಮಾಡಿ ಕಾಯಿ ತುರಿಯುತ್ತಿದ್ದಳು.

ಸುಷ್ಮಿತಾ ಚಾಪೆ ಹಾಸಿದಳು. ನೀರು ಕೊಟ್ಟಳು. ಬಂದ ವಿಷಯ ಏನೆಂದು ಕೇಳಲಿಲ್ಲ. ಇಪ್ಪತ್ತಾರರ ಹುಡುಗಿ. ಯಾರಾದರೂ ಹೇಳಿದರೆ ಕೂರುತ್ತಾಳೆ, ಹೇಳಿದರೆ ಉಣ್ಣುತ್ತಾಳೆ. ಅತ್ತಿದ್ದನ್ನು ಊರಿನಲ್ಲಿ ಯಾರೂ ನೋಡಿಲ್ಲ. ಅದನ್ನೂ ಊರು ಅವಳ ಲೆಕ್ಕಕ್ಕೇ ಬರೆದುಕೊಂಡಿತ್ತು.

“ಬೆಲ್ಟನ್ನ ಬಾಲರಾಜು ಹೆಂಗೆ ಹಾಕ್ಕಂತಿದ್ದ?” ಎಂದರು ಪರಮಶಿವಯ್ಯ.

“ಅವ್ರು ಹಾಕ್ಕಂತಿರ್ಲಿಲ್ಲ. ನಾನು ಕಟ್ತಿದ್ದೆ.”

ಇಂಪನಾ ಚೀಲದಿಂದ ಬೆಲ್ಟು ತೆಗೆದಳು. ಕಂಪನಿಯಿಂದ ಕೇಳಿ ತಂದಿದ್ದ ಅಂಥದ್ದೇ ಇನ್ನೊಂದು. ಮುಂದೆ ಡಬ್ಬಿ, ಡಬ್ಬಿಯ ಮೇಲೆ ಕಂಪನಿಯ ಗುರುತಾದ ಹಸಿರು ತೆಂಗಿನಮರ. ಒಂದು ಪಕ್ಕದಲ್ಲಿ ಮಚ್ಚು ಸಿಕ್ಕಿಸುವ ಕಬ್ಬಿಣದ ಕೊಕ್ಕೆ.

“ಇವರಿಗೆ ಕಟ್ಟಿ ತೋರಿಸ್ತೀರಾ?”

ಪರಮಶಿವಯ್ಯ ಎದ್ದು ನಿಂತು ಉಸಿರು ಎಳೆದುಕೊಂಡರು. “ನನ್ ಹೊಟ್ಟೆಗೆ ಸಾಲ್ದು ಕಣವ್ವ. ಕಡೇ ತೂತಿಗೆ ಹಾಕು.”

ಸುಷ್ಮಿತಾ ಅವರ ಎದುರಿಗೆ ಬಂದು ನಿಂತಳು. ಬೆಲ್ಟನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು, ಬಲಗೈಯಿಂದ ತುದಿಯನ್ನು ಬಕಲ್‌ಗೆ ತೂರಿಸಿ ಎಳೆದಳು. ಯೋಚಿಸದೆ ಮಾಡಿದಳು. ಸೆರಗು ಸಿಕ್ಕಿಸಿಕೊಂಡ ಹಾಗೆ. ಆಮೇಲೆ ಅಂಗೈಯಿಂದ ಡಬ್ಬಿಯನ್ನೊಮ್ಮೆ ತಟ್ಟಿದಳು. ತಟ್ಟಿದ ಮೇಲೆ ಆ ಕೈ ಅಲ್ಲೇ ನಿಂತಿತು.

ಡಬ್ಬಿಯ ಮೇಲಿನ ತೆಂಗಿನಮರ ತಲೆಕೆಳಗಾಗಿತ್ತು.

ಇಂಪನಾ ಉಸಿರು ಬಿಟ್ಟಳು. ಎದುರು ನಿಂತು ಕಟ್ಟಿದರೆ ಹಾಗೇ ಆಗುತ್ತದೆ. ಕಟ್ಟುವವಳ ಬಲ, ಕಟ್ಟಿಸಿಕೊಳ್ಳುವವನ ಎಡ. ತನ್ನ ಸೊಂಟಕ್ಕೆ ಕಟ್ಟಿಕೊಳ್ಳುವಂತೆ ಅವಳು ಅವನ ಸೊಂಟಕ್ಕೆ ಕಟ್ಟಿದ್ದಾಳೆ.

ಒಳಗೆ ತುರಿಯುವ ಸದ್ದು ನಿಂತಿತ್ತು. ಸಿದ್ದಕ್ಕ ಬಾಗಿಲಲ್ಲಿದ್ದಳು. ಪರಮಶಿವಯ್ಯನವರ ಹೊಟ್ಟೆಯ ಮೇಲಿನ ಡಬ್ಬಿ ನೋಡಿದಳು.

“ಮರ ಬುಡಮೇಲಾಗಿ ಕಾಣ್ಬಾರ್ದು ಮನೇಲಿ,” ಎಂದಳು. “ಬಿಚ್ಚಿ ಅದ್ನ.”

ಒಳಗೆ ಹೋದಳು. ಸದ್ದು ಮತ್ತೆ ಶುರುವಾಯಿತು.

“ಅತ್ತೆಗೆ ಮೊದ್ಲಿಂದ ಆಗ್ತಿರ್ಲಿಲ್ಲ,” ಎಂದಳು ಸುಷ್ಮಿತಾ, ಬಕಲ್ ಬಿಚ್ಚುತ್ತ. “ತಿರುಗಿಸ್ಕಳೋ, ಅಪಶಕುನ ಅಂತಿದ್ರು. ಇವ್ರು ನಗೋರು. ಮರ ಎಲ್ಲೈತವ್ವ, ಪೊರಕೆ ಅಲ್ವಾ ಅದು, ನಿನ್ ಸೊಸೆ ಪೊರಕೆ ಕಟ್ಟಿ ಕಳಿಸ್ತಾಳೆ ಅನ್ನೋರು.”

ತಲೆಕೆಳಗಾದಾಗ ಆ ಮರ ಪೊರಕೆಯಂತೆಯೇ ಇತ್ತು.

“ಸರಿಯಾಗಿ ಕಟ್ಟು ಅಂತ ನಿಮಗೆ ಹೇಳ್ಲಿಲ್ವಾ?”

“ಕಂಪನಿಯೋರು ಒಂದ್ ಕಿತ ತೋರ್ಸಿದ್ರಂತೆ. ಅಷ್ಟೊತ್ತಿಗೆ ಇವ್ರಿಗೆ ನಂದೇ ಅಭ್ಯಾಸ ಆಗಿತ್ತು. ಅತ್ತೆ ತೋಟಕ್ಕೆ ಊಟ ತಗಂಡೋದಾಗ ಬಿಚ್ಚಿದ್ರೂ ಮತ್ತೆ ಹಂಗೇ ಹಾಕ್ಕಳೋರು. ಕೊಕ್ಕೆ ಎಡಕ್ಕೆ ಬರ್ಬೇಕು ಅವ್ರಿಗೆ. ಇಲ್ದಿದ್ರೆ ಕೈಗೆ ಮಚ್ಚು ಸಿಗಲ್ಲ.”

ಬೆಲ್ಟನ್ನು ಮಡಚಿ ಇಂಪನಾಳ ಕೈಗೆ ಕೊಟ್ಟಳು.

“ಆ ದಿನಾನೂ ನೀವೇ ಕಟ್ಟಿದ್ರಾ?”

ಸುಷ್ಮಿತಾ ಖಾಲಿ ಲೋಟ ಎತ್ತಿಕೊಂಡಳು.

“ಕಟ್ಟಿದ್ದೆ. ಮಾತಾಡ್ದೆ ಕಟ್ಟಿದ್ದೆ. ಹಿಂದಿನ್ ದಿನ ಜಗಳ ಆಡಿದ್ವಿ. ನನ್ ತಂಗಿ ಮಗೀನ ಹೆಸರಿಡೋಕೆ ಇವ್ರು ಬರಲ್ಲ ಅಂದ್ರು, ಅಷ್ಟೇ ವಿಷ್ಯ. ಬೆಳಿಗ್ಗೆ ಬೆಲ್ಟು ಕಟ್ದೆ. ಡಬ್ಬಿ ತಟ್ಲಿಲ್ಲ.” ಅವಳು ತನ್ನ ಕೈ ನೋಡಿಕೊಂಡಳು. “ಈಗ್ಲೂ ಅಷ್ಟೊತ್ತಿಗೆ ಎಚ್ಚರ ಆಯ್ತದೆ. ಕೈ ಏನ್ ಮಾಡ್ಬೇಕು ಅಂತ ಗೊತ್ತಾಗಲ್ಲ.”

ಇಂಪನಾ ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡಳು.

*

ಸ್ಕೂಟರಿನ ಹತ್ತಿರ, ಹುಣಸೆಮರದ ನೆರಳಿನಲ್ಲಿ, ಅವಳು ಲ್ಯಾಪ್‌ಟಾಪ್ ತೆರೆದಳು. ಕೊನೆಯ ದಿನದ ಸಾಲುಗಳನ್ನು ಮಾತ್ರ ಬೇರೆ ಮಾಡಿದಳು.

ಬೆಳಗಿನ ಮರಗಳು. ನೂರ ಎಪ್ಪತ್ತೇಳು. ಮೈನಸ್ ನೂರ ಎಪ್ಪತ್ತೊಂಬತ್ತು. ಮಾತಾಡದೆ ಕಟ್ಟಿದರೂ ಅವಳು ಕಟ್ಟಿದ ಹಾಗೆಯೇ ಇತ್ತು.

ಆಮೇಲೆ ಬೆಲ್ಟು ನೆಲದ ಮೇಲೆ ಮಲಗಿದ ಸಾಲುಗಳು. ಎರಡು ಕಾಲಮೂ ಸೊನ್ನೆಯ ಹತ್ತಿರ. ಊಟದ ಹೊತ್ತು.

ಆಮೇಲೆ ಮತ್ತೆ ಸೊಂಟಕ್ಕೆ.

ಅವಳ ಬೆರಳು ನಿಂತಿತು.

“ಮಾವ.”

“ಯೋಳು.”

“ಮೂರು. ಎರಡು. ನಾಲ್ಕು.”

“ಅಂದ್ರೆ?”

“ಊಟ ಆದ್ಮೇಲೆ ಬೆಲ್ಟು ನೆಟ್ಟಗಿದೆ. ಅಷ್ಟು ದಿನದಲ್ಲಿ ಮೊದಲನೇ ಸಲ.”

ಪರಮಶಿವಯ್ಯ ಸೀಟಿನ ಮೇಲೆ ಕೂತವರು ಇಳಿದರು.

“ಕಂಪನಿ ಗ್ರಾಫಲ್ಲಿ ಇದು ಕಾಣೋದೇ ಇಲ್ಲ,” ಎಂದಳು. “ಅವರಿಗೆ ಬೆಳಿಗ್ಗೆನೂ ಮೂರು ಡಿಗ್ರಿ, ಮಧ್ಯಾಹ್ನನೂ ಮೂರು ಡಿಗ್ರಿ. ಒಂದೇ ಗೆರೆ. ಇನ್ನೊಂದು ನೋಡಿ. ಪ್ರತಿ ಮರದ ತುದೀಲೂ ಒಂದು ಸಣ್ಣ ವಾಲು ಇದೆ, ಎಡಕ್ಕೆ. ವಾಲಿ ಮತ್ತೆ ನೆಟ್ಟಗಾಗ್ತಾನೆ. ಪ್ರತಿ ಸಲ.”

“ಮಚ್ಚು ತಗಳೋಕೆ.”

“ಎಡಗೈ ಮರಾನ ತಬ್ಬಿರುತ್ತೆ. ಬಲಗೈ ಎಡ ಸೊಂಟಕ್ಕೆ ಹೋಗುತ್ತೆ. ಮೈ ಎಡಕ್ಕೆ ವಾಲುತ್ತೆ. ಮಚ್ಚು ಸಿಗುತ್ತೆ, ಮೈ ವಾಪಸ್ ಬರುತ್ತೆ.” ಅವಳು ಕೊನೆಯ ಗೆರೆಯ ಮೇಲೆ ಬೆರಳಿಟ್ಟಳು. “ಇದೂ ಅದೇ. ಶುರುವಿನಲ್ಲಿ ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ. ಬರೀ ವಾಪಸ್ ಬರಲಿಲ್ಲ.”

ಬೆಲ್ಟು ನೆಟ್ಟಗಾದರೆ ಕೊಕ್ಕೆ ಬಲಕ್ಕೆ ಹೋಗುತ್ತದೆ. ಕೈ ಹೋದ ಕಡೆ ಮಚ್ಚು ಇರಲಿಲ್ಲ. ಇನ್ನೂ ಹಿಂದಕ್ಕೆ ಜರುಗಿದೆ ಎಂದುಕೊಂಡು ಕೈ ಇನ್ನಷ್ಟು ಹಿಂದಕ್ಕೆ ಹೋಗಿದೆ. ಇನ್ನಷ್ಟು.

ಪರಮಶಿವಯ್ಯ ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು. ಠಾಣೆಯಲ್ಲಿ ಕಳೆದ ಕಾಲದಲ್ಲಿ ಎಷ್ಟೋ ಹೆಣ ನೋಡಿದವರು. ಒಂದು ಗೆರೆ ನೋಡಿ ಕಣ್ಣು ಒರೆಸಿಕೊಂಡದ್ದು ಇದೇ ಮೊದಲು.

“ಈಗ್ಲೇ ಹೋಗಿ ಆ ಮಗೀಗೆ ಹೇಳಾನ,” ಎಂದರು.

“ಹೇಳಿದ ತಕ್ಷಣ ಅವಳು ಏನು ಕೇಳ್ತಾಳೆ?”

ಅವರು ಯೋಚಿಸಿದರು.

“ಬೆಲ್ಟು ತಿರುಗಿಸ್ದೋರು ಯಾರು ಅಂತ.”

“ಮೊದಲು ಅದು.”

*

ಕಿಬ್ಬನಹಳ್ಳಿ ಕ್ರಾಸಿನಲ್ಲಿ, ಕೊಬ್ಬರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪನಿಯ ಹುಡುಗ ಭುವನ್ ಒಬ್ಬನೇ ಇದ್ದ. ಬೆಲ್ಟು ಹಂಚಿದವನು ಅವನೇ, ಅಂಕಿಗಳನ್ನು ಕಲೆಹಾಕಿ ಗ್ರಾಫ್ ಬರೆದವನೂ ಅವನೇ. ಕೆಳಗೆ ಬಸ್ಸುಗಳು ನಿಂತು ಹೊರಡುತ್ತಿದ್ದವು. ಮಾತು ಆಗಾಗ ಹಾರನ್ನಿನಲ್ಲಿ ಮುಚ್ಚಿಹೋಗುತ್ತಿತ್ತು.

“ಈ ಲೆಕ್ಕದ ಸಾಲು ನೀವು ಬರೆದಿದ್ದಾ?” ಇಂಪನಾ ಪರದೆ ತೋರಿಸಿದಳು.

ಅವನು ಬಗ್ಗಿ ನೋಡಿದ. “ಹೌದು ಮೇಡಂ. ನೆಟ್ಟಲ್ಲಿ ಸಿಕ್ತು. ಎಲ್ರೂ ಇದನ್ನೇ ಹಾಕ್ತಾರೆ.”

“ಭಾಗಾಕಾರದಲ್ಲಿ ಚಿಹ್ನೆ ಹೋಗುತ್ತೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು. ಆದ್ರೆ ಮನುಷ್ಯ ತಲೆಕೆಳಗಾಗಿ ಮರ ಹತ್ತಲ್ವಲ್ಲ ಮೇಡಂ.”

“ಬೆಲ್ಟು ತಲೆಕೆಳಗಾಗಿರ್ಬೋದು.”

ಭುವನ್ ಪರದೆಯಿಂದ ಹಿಂದೆ ಸರಿದ. ಅವನಿಗೆ ಆಶ್ಚರ್ಯವಾಗಲಿಲ್ಲ ಎಂಬುದನ್ನು ಪರಮಶಿವಯ್ಯ ಗಮನಿಸಿದರು.

ಗೋಡೆಗೆ ಒರಗಿಸಿದ್ದ ಸುರುಳಿಯ ಕಡೆ ಅವರು ನಡೆದರು. ಹೊಸ ಪೋಸ್ಟರುಗಳು, ಇನ್ನೂ ಅಂಟಿಸಿಲ್ಲ. ಒಂದನ್ನು ಬಿಚ್ಚಿ ಮೇಜಿನ ಮೇಲೆ ಹರಡಿ, ಎರಡು ತುದಿಗೂ ಕೈಯೂರಿದರು.

ಮರದ ತುದಿಯಲ್ಲಿ ಬಾಲರಾಜು. ನಗುತ್ತಿದ್ದಾನೆ. ಸೊಂಟದಲ್ಲಿ ಬೆಲ್ಟು. ಡಬ್ಬಿಯ ಮೇಲೆ ಹಸಿರು ತೆಂಗಿನಮರ ನೆಟ್ಟಗೆ ನಿಂತಿದೆ. ಮಚ್ಚು ಬಲ ಸೊಂಟದಲ್ಲಿ ತೂಗುತ್ತಿದೆ.

“ಲೇ ಭುವನ್,” ಎಂದರು ಪರಮಶಿವಯ್ಯ, ಮೆತ್ತಗೆ. “ಇದು ಎಂದು ತಗ್ದಿದ್ದು?”

“ಮುಂಚೆ ಸರ್. ತುಂಬ ಮುಂಚೆ.”

“ಅವನು ಬೆಲ್ಟನ್ನ ನೆಟ್ಟಗೆ ಹಾಕಿದ್ದು ಒಂದೇ ಮರಕ್ಕೆ,” ಎಂದಳು ಇಂಪನಾ. “ನೀವು ಕೊಟ್ಟ ಅಂಕಿಗಳೇ ಹೇಳ್ತಿವೆ. ಆ ಮರದಿಂದ ಅವನು ಇಳಿದು ಬರಲಿಲ್ಲ.”

ಕೆಳಗೆ ಒಂದು ಬಸ್ಸು ಬಹಳ ಹೊತ್ತು ಹಾರನ್ ಹೊಡೆಯಿತು. ಅದು ನಿಲ್ಲುವವರೆಗೆ ಮೂವರೂ ಕಾದರು.

ಭುವನ್ ಕುರ್ಚಿಯ ಮೇಲೆ ಕೂತ. ಇಪ್ಪತ್ತಮೂರು ವರ್ಷವಿರಬೇಕು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ.

“ಅವ್ರು ಮೊದ್ಲು ಒಂದು ಫೋಟೋ ಕಳ್ಸಿದ್ರು ಸರ್. ಅದ್ರಲ್ಲಿ ಲೋಗೋ ತಲೆಕೆಳಗಾಗಿತ್ತು. ಆಫೀಸಲ್ಲಿ ಬೈದ್ರು. ನಾನು ಬಾಲರಾಜಣ್ಣಂಗೆ ಮೆಸೇಜ್ ಹಾಕ್ದೆ. ಬೆಲ್ಟು ಸರಿ ಮಾಡ್ಕಂಡು ಇನ್ನೊಂದು ತೆಗ್ಸಿ ಕಳ್ಸಣ್ಣ ಅಂತ. ಅಷ್ಟೇ ಸರ್ ನಾನು ಹಾಕಿದ್ದು.”

“ಅಷ್ಟೇ.”

“ಮಧ್ಯಾಹ್ನ ಬಂತು. ಚೆನ್ನಾಗಿತ್ತು. ಸೂಪರ್ ಅಣ್ಣ ಅಂತ ಕಳ್ಸಿದ್ದೆ.” ಅವನು ಜೇಬಿನಿಂದ ಫೋನು ತೆಗೆದ. “ಅದನ್ನ ಅವ್ರು ನೋಡ್ಲೇ ಇಲ್ಲ. ಇನ್ನೂ ಒಂದೇ ಟಿಕ್ ಐತೆ.”

“ಆಮೇಲೆ, ಹಾರ್ಕಂಡ ಅಂತ ಬರ್ದೆ.”

“ಗ್ರಾಫ್ ಹಂಗೇ ಇತ್ತು ಸರ್.”

“ಗ್ರಾಫು ಹಂಗಿರ್ಲಿಲ್ಲ ಕಣಪ್ಪ. ನಿಂಗೆ ಹಂಗಿದ್ರೆ ವಾಸಿ ಅನ್ನಿಸ್ತು.”

ಭುವನ್ ಮುಖ ಮುಚ್ಚಿಕೊಂಡ. ಪರಮಶಿವಯ್ಯ ಅವನ ಭುಜದ ಮೇಲೆ ಕೈಯಿಟ್ಟರು. ಅದು ಬಂಧಿಸುವ ಕೈಯಾಗಿರಲಿಲ್ಲ.

“ನಿನ್ ಮಾತು ಮರಕ್ಕೆ ಹತ್ತಿ ಬೆಲ್ಟು ತಿರುಗಿಸ್ಲಿಲ್ಲ ಬುಡು. ನಾಳೆ ಠಾಣೆಗೆ ಬಂದು ಇದ್ನೇ ಹೇಳು. ಒಂದಕ್ಷರ ಕಮ್ಮಿ ಬೇಡ.”

ಇಂಪನಾ ಪೋಸ್ಟರಿನ ಮೇಲೆ ಬಗ್ಗಿದ್ದಳು. “ಇದನ್ನ ನೀವು ತೆಗೆದಿದ್ದಲ್ಲ ಅಲ್ವಾ?”

“ನಾನಾ? ಏಣಿ ಹತ್ತಿದ್ರೂ ತಲೆ ಸುತ್ತುತ್ತೆ ಮೇಡಂ. ಅವ್ರ ಫೋನಿಂದಾನೇ ಬಂತು.”

“ಅವರೇ ತೆಗೆದುಕೊಂಡಿದ್ದೂ ಅಲ್ಲ. ಇಷ್ಟು ದೂರ ಕೈ ಚಾಚೋಕಾಗಲ್ಲ.” ಅವಳು ನೇರವಾದಳು. “ನೆಲದಿಂದ ತೆಗೆದಿದ್ರೆ ಅಂಗಾಲು ಕಾಣ್ಬೇಕಿತ್ತು. ಮುಖ ಕಾಣ್ತಿದೆ, ಸಮ ಎತ್ತರದಲ್ಲಿ. ಪಕ್ಕದ ಮರದ ತುದೀಲಿ ಯಾರೋ ಇದ್ರು ಮಾವ.”

“ಫೋನು ಸಿಕ್ಕಿದ್ದು ಬುಡದಾಗೆ, ಊಟದ ಚೀಲದೊಳಗೆ,” ಎಂದರು ಪರಮಶಿವಯ್ಯ. “ಹಂಗಾರೆ ಅವನು ಬಿದ್ಮೇಲೆ ಯಾರೋ ಇಳ್ದು ಬಂದು ಅದ್ನ ಚೀಲಕ್ಕೆ ಹಾಕವ್ರೆ. ಹಾಕಿ, ಬಾಯಿ ಮುಚ್ಕಂಡವ್ರೆ.”

“ಮೂಲ ಫೋಟೋ ಇದೆಯಾ? ಪೋಸ್ಟರಿಗೆ ಕತ್ತರಿಸದೇ ಇರೋದು?”

ಭುವನ್ ಫೋನನ್ನು ಹಾಗೇ ಅವಳ ಕೈಗೆ ಕೊಟ್ಟ.

*

ಹೊನ್ನವಳ್ಳಿಗೆ ಮರಳಿದಾಗ ಬಿಸಿಲು ಇಳಿಮುಖವಾಗಿತ್ತು. ಸುಷ್ಮಿತಾ ಅದೇ ಚಾಪೆಯ ಮೇಲಿದ್ದಳು. ಒಳಗೆ ಸಿದ್ದಕ್ಕನ ತುರಿಮಣೆಯ ಸದ್ದು ಇನ್ನೂ ಇತ್ತು. ಇಬ್ಬರೇ ಇರುವ ಮನೆಗೆ ಅಷ್ಟೊಂದು ಕಾಯಿ ಯಾಕೆ ಎಂದು ಇಂಪನಾಳಿಗೆ ಅನ್ನಿಸಿತು.

ಅವಳು ಸುಷ್ಮಿತಾಳ ಎದುರು ಕೂತಳು. ಸುತ್ತು ಬಳಸಲಿಲ್ಲ.

“ಅವರು ಬಿಟ್ಟು ಹೋಗಲಿಲ್ಲ. ಮಚ್ಚು ಹುಡುಕ್ತಿದ್ರು.”

ಗೆರೆ ತೋರಿಸಿ ಹೇಳಿದಳು. ದಿನವೂ ಹೀಗೆ ವಾಲುತ್ತಿದ್ದರು, ದಿನವೂ ವಾಪಸ್ ಬರುತ್ತಿದ್ದರು. ಆ ದಿನ ಬೆಲ್ಟು ತಿರುಗಿತ್ತು. ಕೈ ನೀವು ಇಟ್ಟ ಜಾಗಕ್ಕೇ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಸುಷ್ಮಿತಾ ಗೆರೆಯ ಮೇಲೆ ಬೆರಳಾಡಿಸಿದಳು. ಒಂದು ಸಲ, ಮತ್ತೆ ಒಂದು ಸಲ.

“ಹಂಗಾರೆ ನಾನು ಸರಿಯಾಗಿ ಕಟ್ಟಿದ್ರೆ,” ಎಂದಳು. “ಮೊದ್ಲಿಂದ ಸರಿಯಾಗಿ ಕಟ್ಟಿ ಅಭ್ಯಾಸ ಮಾಡಿದ್ರೆ.”

ಈ ಮಾತು ಬರುತ್ತದೆ ಎಂದು ದಾರಿಯುದ್ದಕ್ಕೂ ಇಂಪನಾಳಿಗೆ ಹೆದರಿಕೆಯಿತ್ತು.

“ನೀವು ಕಟ್ಟಿದ ಹಾಗಿದ್ದಾಗ ಅವರು ಒಂದು ಸಲಾನೂ ಬೀಳಲಿಲ್ಲ,” ಎಂದಳು. “ಎಲ್ಲಾ ದಿನದ್ದೂ ನೋಡಿದ್ದೀನಿ. ಜಗಳ ಆಡಿದ ದಿನ ಬೆಳಿಗ್ಗೆನೂ. ನೀವು ಕಟ್ಟಿದ್ದು ಅವರನ್ನ ಮರದಿಂದ ಇಳಿಸಿ ಕಳಿಸಿದೆ. ಪ್ರತಿ ಮರದಿಂದ.”

ಸುಷ್ಮಿತಾ ತಲೆಯಾಡಿಸಲಿಲ್ಲ. ಅವಳ ಬೆರಳು ಇನ್ನೂ ಪರದೆಯ ಮೇಲಿತ್ತು. ಪರಮಶಿವಯ್ಯ ಮುಖ ತಿರುಗಿಸಿ ಅಂಗಳ ನೋಡಿದರು. ಅವಳು ಸದ್ದಿಲ್ಲದೆ ಅತ್ತಳು. ಹಾಗೆ ಅತ್ತು ಗೊತ್ತಿಲ್ಲದವಳಂತೆ, ಕಣ್ಣು ಒರೆಸಿಕೊಳ್ಳದೆ.

ಇಂಪನಾ ಕಾದಳು. ಆಮೇಲೆ ಫೋಟೋ ತೆರೆದು ಕೊಟ್ಟಳು.

“ಆ ಮರದ ಮೇಲೆ ತೆಗೆದಿದ್ದು. ನೋಡೋಕೆ ಆಗದಿದ್ರೆ ಬೇಡ.”

ಸುಷ್ಮಿತಾ ನೋಡಿದಳು. ಮೊದಲು ಅವನ ಮುಖವನ್ನೇ ನೋಡಿದಳು, ತುಂಬ ಹೊತ್ತು.

“ನಗ್ತಾವ್ರೆ,” ಎಂದಳು.

“ಹೌದು.”

“ಕೋಪ ಇರ್ಲಿಲ್ಲ.”

“ಇರಲಿಲ್ಲ.”

ಅವಳು ಎರಡು ಬೆರಳಿಂದ ಚಿತ್ರವನ್ನು ದೊಡ್ಡದು ಮಾಡಿದಳು. ಮುಖ, ಅಂಗಿ, ನೆಟ್ಟಗಿನ ಡಬ್ಬಿ, ಕಾಲು. ಕಾಲಿಗೆ ಬಟ್ಟೆ ಹೊಸೆದು ಮಾಡಿದ ಕಾಲ್ಕಣ್ಣಿ. ಮರ ಹತ್ತುವವರು ಎರಡು ಪಾದಕ್ಕೂ ತೊಡುವ ಕುಣಿಕೆ ಅದು. ಮನೆಯ ಹೆಂಗಸರು ಹಳೆಯ ಸೀರೆ ಹರಿದು, ಹೊಸೆದು ಮಾಡಿಕೊಡುತ್ತಾರೆ. ಬಾಲರಾಜುವಿನದು ಮರೂನ್ ಬಣ್ಣ, ನಡುವೆ ಹಳದಿ ಅಂಚು.

ಅವಳ ಬೆರಳು ಚಿತ್ರವನ್ನು ಪಕ್ಕಕ್ಕೆ ಎಳೆಯಿತು. ಪೋಸ್ಟರಿಗಾಗಿ ಕತ್ತರಿಸಿ ಹಾಕಿದ್ದ ಕ್ಯಾಮೆರಾದ ಕಡೆಯ ಕೆಳಮೂಲೆ. ಅಲ್ಲಿ ಒಂದು ಗರಿಯ ತುದಿ, ಮಬ್ಬಾಗಿ ಫೋಟೋ ತೆಗೆದವನ ಪಾದ.

ಬೆರಳು ನಿಂತಿತು.

ಇಂಪನಾ ಬಗ್ಗಿ ನೋಡಿದಳು. ಆ ಪಾದಕ್ಕೂ ಕಾಲ್ಕಣ್ಣಿಯಿತ್ತು. ಮರೂನ್. ನಡುವೆ ಹಳದಿ.

“ನನ್ ಮದುವೆ ಸೀರೆ,” ಎಂದಳು ಸುಷ್ಮಿತಾ. ಧ್ವನಿ ಒಣಗಿತ್ತು. “ಬೆಂಕಿ ಕಿಡಿ ಬಿದ್ದು ತೂತಾಗಿತ್ತು. ಹರಿದು ಎರಡು ಕಣ್ಣಿ ಮಾಡ್ದೆ. ಒಂದು ಇವ್ರಿಗೆ.”

“ಇನ್ನೊಂದು?”

ಬೇಲಿಯ ಗೇಟು ಕಿರುಗುಟ್ಟಿತು.

ಕರಿಯಪ್ಪ ಸೈಕಲ್ ಒರಗಿಸಿ, ಒಂದು ಗೊನೆ ಎಳನೀರು ಹೊತ್ತು ಬರುತ್ತಿದ್ದ. ಬೆಳಿಗ್ಗೆ ಬಂದಿದ್ದವನು, ಮತ್ತೆ ಬಂದಿದ್ದ. ಬರಿಗಾಲು. ಪಾದದಲ್ಲಿ ಕಣ್ಣಿ ಉಜ್ಜಿ ಉಜ್ಜಿ ಬಿದ್ದ ಹಳೆಯ ಗೀರು.

“ಇನ್ನಾ ಕುಂತಿದೀರಾ ಸಾಮಿ,” ಎಂದ ಪರಮಶಿವಯ್ಯನವರಿಗೆ. “ಎಳ್ನೀರು ಕುಡೀರಿ, ಕೊಚ್ಚಿಕೊಡ್ತೀನಿ.”

“ಅಣ್ಣ,” ಎಂದಳು ಸುಷ್ಮಿತಾ. “ನಿನ್ ಕಾಲ್ಕಣ್ಣಿ ಎಲ್ಲೈತೆ?”

ಕರಿಯಪ್ಪ ನಿಂತ. ಅವಳ ಕೈಯಲ್ಲಿದ್ದ ಫೋನು ನೋಡಿದ. ಗೊನೆಯನ್ನು ಕೆಳಗಿಡಲಿಲ್ಲ.

“ಸುಟ್ಟಾಕ್ದೆ.”

“ಮಾಯಸಂದ್ರದಾಗಿದ್ದೆ ಅಂದೆ.”

“ಅಂದೆ.”

“ಊರೆಲ್ಲ ಹಾರ್ಕಂಡ ಅಂತಿತ್ತು. ನೀನು ಇಲ್ಲಿ ಕುಂತು ಕೇಳ್ತಿದ್ದೆ. ದಿನಾ ಬಂದು ಇಲ್ಲೇ ಕುಂತು ಕೇಳ್ತಿದ್ದೆ. ಹಂಗಲ್ಲ ಕಣವ್ವ ಅಂತ ಒಂದ್ ಮಾತು ನಂಗೆ ಹೇಳ್ನಿಲ್ಲ.”

ಅವಳು ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ನಾನು ಇಳ್ದು ಬರೋಗಂಟ ಜೀವ ಇತ್ತು,” ಎಂದ ಕರಿಯಪ್ಪ. “ನನ್ ತೊಡೆ ಮ್ಯಾಲೇ ಇದ್ದ. ಮಾತು ಹೇಳ್ದ. ಭಾಷೆ ತಗಂಡ.”

“ಏನಂತ?”

“ಬ್ಯಾಡ ಕಣವ್ವ.”

“ಏನಂತ ಅಣ್ಣ?”

ಕರಿಯಪ್ಪ ಪರಮಶಿವಯ್ಯನವರನ್ನು ನೋಡಿದ, ಇಂಪನಾಳನ್ನು ನೋಡಿದ. ಬಿಡಿಸುವವರು ಯಾರೂ ಇರಲಿಲ್ಲ.

“ಬೆಲ್ಟು ತಿರುಗಿಸಿ ಕಟ್ಟಿದ್ದು ಯಾರು ಅಂತ ಅವಳಿಗೆ ಹೇಳ್ಬ್ಯಾಡ ಅಂದ,” ಎಂದ. “ಒಂದೇ ಮನೇಲಿ ಬಾಳ್ಬೇಕಾದೋರು ಅಂದ.”

ಮನೆಯೊಳಗೆ ತುರಿಮಣೆಯ ಸದ್ದು ನಿಂತುಹೋಯಿತು.